ಮನುಷ್ಯ ಕೆಟ್ಟವನಾದರೆ ಸರ್ಕಾರ ಗಟ್ಟಿಯಾಗಿರಬೇಕಾ?

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿ. ನಮ್ಮ ನೋಟ್ಸ್‌ನಲ್ಲಿ ಹೀಗಿದೆ: ಹಾಬ್ಸ್ ಪ್ರಕಾರ ಮನುಷ್ಯ ಸ್ವಾರ್ಥಿ, ಅದಕ್ಕೇ ಬಲವಾದ ಸರ್ಕಾರ ಬೇಕು. ಲಾಕ್ ಪ್ರಕಾರ ಮನುಷ್ಯ ವಿವೇಕಿ, ಅದಕ್ಕೇ ಮಿತಿಯುಳ್ಳ ಸರ್ಕಾರ ಸಾಕು. ರೂಸೋ ಪ್ರಕಾರ ಮನುಷ್ಯ ಒಳ್ಳೆಯವನು, ಅದಕ್ಕೇ ಜನರೇ ಆಳಬೇಕು. ಆದರೆ ಅದೇ ರೂಸೋ ‘ಒಪ್ಪದವನನ್ನು ಸ್ವತಂತ್ರನಾಗುವಂತೆ ಬಲವಂತ ಮಾಡಬೇಕು’ ಎಂದೂ ಹೇಳಿದ್ದಾನೆ. ಒಳ್ಳೆಯವನಿಗೆ ಬಲವಂತ ಯಾಕೆ? ಮನುಷ್ಯನ ಸ್ವಭಾವಕ್ಕೂ ಸರ್ಕಾರದ ಅಧಿಕಾರಕ್ಕೂ ನಿಜವಾಗಿ ಸಂಬಂಧ ಇದೆಯಾ? ನೀವು ಯಾರ ಪರ?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ಆ ಮೂರು ಸಾಲು ನನಗೆ ಚೆನ್ನಾಗಿ ಗೊತ್ತು. ಪಾಠ ಮಾಡಲು ಶುರು ಮಾಡಿದ ಹೊಸದರಲ್ಲಿ ನಾನೂ ಬೋರ್ಡಿನ ಮೇಲೆ ಅವನ್ನೇ ಬರೆಯುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಆಳುವವನೂ ಮನುಷ್ಯನೇ ಅಲ್ವಾ?’ ಅಂದಳು. ಮನುಷ್ಯ ಕೆಟ್ಟವನಾದರೆ ಆಳುವವನೂ ಕೆಟ್ಟವನೇ. ಅಂಥವನ ಕೈಗೆ ಇದ್ದಬದ್ದ ಅಧಿಕಾರವನ್ನೆಲ್ಲ ಯಾಕೆ ಕೊಡಬೇಕು? ಬೋರ್ಡಿನ ಮೇಲಿದ್ದ ಸೂತ್ರದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಮನೆಗೆ ಹೋಗಿ ಮೂಲ ಪುಸ್ತಕಗಳನ್ನು ಮತ್ತೆ ಕೈಗೆತ್ತಿಕೊಂಡೆ.

ಓದುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ಹದಿನೇಳು, ಹದಿನೆಂಟನೇ ಶತಮಾನದ ಯುರೋಪಿನ ಈ ಮೂವರು ಚಿಂತಕರಲ್ಲಿ ಯಾರೂ ಮನುಷ್ಯನಿಗೆ ಒಳ್ಳೆಯವನು, ಕೆಟ್ಟವನು ಎಂದು ಅಂಕ ಕೊಡಲು ಕೂತವರಲ್ಲ. ಒಬ್ಬೊಬ್ಬರಿಗೂ ಒಂದೊಂದು ಭಯ ಇತ್ತು. ಹಾಬ್ಸ್‌ಗೆ ಪಕ್ಕದವನ ಭಯ. ಲಾಕ್‌ಗೆ ಮೇಲೆ ಕೂತವನ ಭಯ. ರೂಸೋಗೆ ಇನ್ನೊಬ್ಬರ ಹಂಗಿನಲ್ಲಿ ಬದುಕಬೇಕಾದ ಭಯ. ಸರ್ಕಾರಕ್ಕೆ ಎಷ್ಟು ಅಧಿಕಾರ ಕೊಡಬೇಕು ಅನ್ನುವುದು ಹೆಚ್ಚಾಗಿ ಆ ಭಯದಿಂದ ತೀರ್ಮಾನವಾಗಿದೆ. ಮನುಷ್ಯ ಸ್ವಭಾವದ ಮಾತು ಬರುವುದು ಆ ಭಯ ಯಾಕೆ ಹುಟ್ಟುತ್ತದೆ ಎಂದು ವಿವರಿಸುವಾಗ.

ಹಾಬ್ಸ್‌ನಿಂದ ಶುರು ಮಾಡೋಣ. ಅವನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯಾಕಂದ್ರೆ ನೋಟ್ಸ್‌ಗಳಿಂದ ಹೆಚ್ಚು ಅನ್ಯಾಯ ಆಗಿರುವುದು ಅವನಿಗೇ.

ಥಾಮಸ್ ಹಾಬ್ಸ್ ಹುಟ್ಟಿದ್ದು 1588ರ ಏಪ್ರಿಲ್‌ನಲ್ಲಿ. ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬರುತ್ತದೆ ಎಂದು ಜನ ನಡುಗುತ್ತಿದ್ದ ಕಾಲ. ಆ ಸುದ್ದಿಗೆ ಹೆದರಿದ ತಾಯಿ ನನ್ನನ್ನೂ ಭಯವನ್ನೂ ಅವಳಿ ಮಕ್ಕಳಾಗಿ ಹೆತ್ತಳು ಎಂದು ಅವನು ಮುದಿತನದಲ್ಲಿ ಬರೆದ ಪದ್ಯದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1640ರಲ್ಲಿ ರಾಜ ಮತ್ತು ಪಾರ್ಲಿಮೆಂಟ್ ನಡುವೆ ಜಗಳ ಬಿಗಡಾಯಿಸಿದಾಗ ಪ್ಯಾರಿಸ್‌ಗೆ ಓಡಿಹೋದ. 1642ರಲ್ಲಿ ಅಂತರ್ಯುದ್ಧ ಶುರುವಾಯಿತು. 1649ರ ಜನವರಿಯಲ್ಲಿ ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದರು. ಅವನ ಮುಖ್ಯ ಪುಸ್ತಕ ‘ಲೆವಯಥನ್’ ಪ್ರಕಟವಾಗಿದ್ದು 1651ರಲ್ಲಿ. ಸರ್ಕಾರವೇ ಇಲ್ಲದಿದ್ದರೆ ಬದುಕು ಹೇಗಿರುತ್ತದೆ ಎಂದು ಅವನು ಬರೆದದ್ದು ಸುಮ್ನೆ ಊಹೆ ಮಾಡಿ ಅಲ್ಲ. ಅವನ ಕಣ್ಣೆದುರೇ ಒಂದು ಸರ್ಕಾರ ಕುಸಿದು ಬಿದ್ದಿತ್ತು.

ಆ ಪುಸ್ತಕದ 13ನೇ ಅಧ್ಯಾಯದಲ್ಲಿ ಅವನು ಓದುಗನನ್ನು ನೇರವಾಗಿ ಕೇಳುತ್ತಾನೆ. ದೂರದ ಊರಿಗೆ ಹೊರಟಾಗ ನೀನು ಆಯುಧ ಇಟ್ಟುಕೊಳ್ಳುತ್ತೀಯ, ಜೊತೆಗೆ ಜನ ಕರೆದುಕೊಳ್ಳುತ್ತೀಯ. ಮಲಗುವಾಗ ಬಾಗಿಲ ಅಗುಳಿ ಹಾಕುತ್ತೀಯ. ಮನೆಯೊಳಗೇ ಇದ್ದರೂ ಪೆಟ್ಟಿಗೆಗೆ ಬೀಗ ಹಾಕುತ್ತೀಯ. ಕಾನೂನು ಇದೆ, ಕಾವಲು ಇದೆ ಎಂದು ಗೊತ್ತಿದ್ದೂ ಹೀಗೆ ಮಾಡುತ್ತೀಯ. ಹಾಗಾದರೆ ಊರಿನವರ ಬಗ್ಗೆ, ಮನೆಯ ಮಕ್ಕಳ ಬಗ್ಗೆ, ಆಳುಗಳ ಬಗ್ಗೆ ನಿನ್ನ ಅಭಿಪ್ರಾಯ ಏನು? ನಾನು ಮಾತಿನಲ್ಲಿ ಹೇಳಿದ್ದನ್ನೇ ನೀನು ಕೈಯಲ್ಲಿ ಮಾಡಿ ತೋರಿಸುತ್ತಿದ್ದೀಯಲ್ಲ?

ಇಷ್ಟೇ ಓದಿ ಪುಸ್ತಕ ಮುಚ್ಚಿದರೆ ಹಾಬ್ಸ್ ಮನುಷ್ಯನನ್ನು ಕೆಟ್ಟವನು ಎಂದ ಅನ್ನಿಸಬಹುದು. ಆದರೆ ಮುಂದಿನ ಮಾತು ಬೇರೆಯೇ ಇದೆ. ಇದರಿಂದ ಮನುಷ್ಯನ ಸ್ವಭಾವವನ್ನು ನಾನಾಗಲಿ ನೀನಾಗಲಿ ದೂಷಿಸುತ್ತಿಲ್ಲ ಅನ್ನುತ್ತಾನೆ. ಮನುಷ್ಯನ ಆಸೆಗಳು ತಮ್ಮಷ್ಟಕ್ಕೆ ತಾವೇ ಪಾಪ ಅಲ್ಲ ಅನ್ನುತ್ತಾನೆ. ಬೀಗ ಹಾಕುವವನು ದುಷ್ಟನಲ್ಲ. ಅವನಿಗೆ ಇನ್ನೊಬ್ಬನ ಮನಸ್ಸು ಗೊತ್ತಿಲ್ಲ, ಅಷ್ಟೇ.

ತರಗತಿಯಲ್ಲಿ ನಾನು ಇದಕ್ಕೆ ಕ್ಯೂ ಉದಾಹರಣೆ ಕೊಡುತ್ತೇನೆ. ಒಂದು ಕೌಂಟರ್ ಮುಂದೆ ನೂರು ಜನ ಸಾಲಾಗಿ ನಿಂತಿದ್ದಾರೆ. ತೊಂಬತ್ತೆಂಟು ಜನ ಸಭ್ಯರು. ಇಬ್ಬರು ನುಗ್ಗುವ ಜಾತಿ. ಸಾಲು ನೋಡಿಕೊಳ್ಳುವವರು ಯಾರೂ ಇಲ್ಲ. ಕಿಟಕಿ ತೆರೆಯುತ್ತಿದ್ದಂತೆ ಆ ಇಬ್ಬರು ಮುಂದೆ ನುಗ್ಗುತ್ತಾರೆ. ಮೂರನೆಯವನಿಗೆ ನುಗ್ಗುವ ಆಸೆ ಇಲ್ಲ. ಆದರೆ ನಿಂತಲ್ಲೇ ನಿಂತರೆ ತನ್ನ ಸರದಿ ಬರುವುದಿಲ್ಲ ಎಂದು ಗೊತ್ತು. ಅವನೂ ನುಗ್ಗುತ್ತಾನೆ. ಎರಡೇ ನಿಮಿಷದಲ್ಲಿ ಸಾಲು ಹೋಗಿ ಗುಂಪಾಗುತ್ತದೆ. ಮೇಲಿನಿಂದ ಫೋಟೋ ತೆಗೆದವರು ‘ಎಲ್ಲರೂ ಒರಟರು’ ಎಂದುಕೊಳ್ಳುತ್ತಾರೆ. ಒರಟರು ಇದ್ದದ್ದು ಇಬ್ಬರೇ.

ಹಾಬ್ಸ್ ಜಗಳಕ್ಕೆ ಮೂರು ಕಾರಣ ಕೊಡುತ್ತಾನೆ: ಪೈಪೋಟಿ, ಅಪನಂಬಿಕೆ, ಮಾನ ಸನ್ಮಾನದ ಹಂಬಲ. ನನ್ನ ಪ್ರಕಾರ ಅವನ ಇಡೀ ವಾದ ನಿಂತಿರುವುದು ನಡುವಿನ ಆ ಒಂದು ಪದದ ಮೇಲೆ. ಪೈಪೋಟಿ ಕೆಲವರಿಗೆ ಇರುತ್ತದೆ, ಮಾನದ ಹಸಿವು ಇನ್ನು ಕೆಲವರಿಗೆ. ಅಪನಂಬಿಕೆ ಮಾತ್ರ ಒಳ್ಳೆಯವರನ್ನೂ ಬಿಡುವುದಿಲ್ಲ.

ಇಲ್ಲೇ ಒಂದು ಹೋಲಿಕೆ ಹೇಳಿಬಿಡುತ್ತೇನೆ. ಅರಸನಿಲ್ಲದ ಸ್ಥಿತಿಯನ್ನು ನಮ್ಮ ಹಳೆಯ ರಾಜನೀತಿ ಗ್ರಂಥಗಳು ಮತ್ಸ್ಯ ನ್ಯಾಯ ಎಂದು ಕರೆದವು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ನ್ಯಾಯ. ಇದಕ್ಕೆ ಬೇಸತ್ತ ಜನ ಮನುವನ್ನು ಅರಸನನ್ನಾಗಿ ಮಾಡಿಕೊಂಡರು, ಧಾನ್ಯದಲ್ಲಿ ಆರನೇ ಒಂದು ಪಾಲು ಕೊಡಲು ಒಪ್ಪಿದರು ಎಂಬ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುತ್ತದೆ. ಹಾಬ್ಸ್ ಹೇಳಿದ್ದೂ ಇದನ್ನೇ ಎಂದು ಉತ್ತರ ಪತ್ರಿಕೆಗಳಲ್ಲಿ ಬರೆಯುವವರಿದ್ದಾರೆ. ಪೂರ್ತಿ ಒಂದೇ ಅಲ್ಲ. ಮತ್ಸ್ಯ ನ್ಯಾಯದಲ್ಲಿ ದೊಡ್ಡ ಮೀನಿಗೆ ಚಿಂತೆ ಇಲ್ಲ. ಹಾಬ್ಸ್‌ನ ಕೊಳದಲ್ಲಿ ಎಲ್ಲ ಮೀನೂ ಹೆಚ್ಚುಕಡಿಮೆ ಒಂದೇ ಗಾತ್ರ. ಅತ್ಯಂತ ದುರ್ಬಲನೂ ಸಂಚು ಮಾಡಿ, ಇಲ್ಲವೇ ನಾಲ್ಕು ಜನರನ್ನು ಸೇರಿಸಿಕೊಂಡು ಅತ್ಯಂತ ಬಲಶಾಲಿಯನ್ನು ಕೊಲ್ಲಬಲ್ಲ ಅನ್ನುತ್ತಾನೆ. ಎಂಥ ಬಲಿಷ್ಠನೂ ನಿದ್ದೆ ಮಾಡಲೇಬೇಕಲ್ಲ. ಆದ್ದರಿಂದ ಯಾರೂ ನಿಶ್ಚಿಂತರಲ್ಲ. ಅವನ ಭಯ ಹುಟ್ಟುವುದು ಸಮಾನತೆಯಿಂದ. ಈ ಒಂದು ಅಂಶ ಹಿಡಿದರೆ ಹಾಬ್ಸ್ ಅರ್ಧ ಅರ್ಥವಾದಂತೆ.

ಇದಕ್ಕೆ ಅವನ ಪರಿಹಾರ: ಎಲ್ಲರೂ ಒಟ್ಟಿಗೆ ತಂತಮ್ಮ ಹಕ್ಕನ್ನು ಬಿಟ್ಟುಕೊಟ್ಟು ಒಬ್ಬನಿಗೆ, ಅಥವಾ ಒಂದು ಸಭೆಗೆ, ಅಧಿಕಾರ ಒಪ್ಪಿಸಬೇಕು. ಕತ್ತಿಯಿಲ್ಲದ ಒಪ್ಪಂದ ಬರೀ ಮಾತು. ಪುಸ್ತಕದ ಮುಖಚಿತ್ರ ಸಿಕ್ಕರೆ ಒಮ್ಮೆ ಹತ್ತಿರದಿಂದ ನೋಡಿ. ಬೆಟ್ಟದ ಹಿಂದಿನಿಂದ ಕಿರೀಟ ತೊಟ್ಟ ದೈತ್ಯನೊಬ್ಬ ಎದ್ದು ನಿಂತಿದ್ದಾನೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಧರ್ಮಗುರುವಿನ ದಂಡ. ಅವನ ಮೈ ತುಂಬ ಮೀನಿನ ಪೊರೆಯ ಹಾಗೆ ಏನೋ ಕಾಣುತ್ತದೆ. ಕಣ್ಣು ಹತ್ತಿರ ತಂದರೆ ಅವೆಲ್ಲ ಮನುಷ್ಯರು, ನೂರಾರು ಪುಟ್ಟ ಮನುಷ್ಯರು. ಬೆನ್ನು ನಮ್ಮ ಕಡೆ, ಮುಖ ಅರಸನ ಕಡೆ. ಆ ಜನರನ್ನು ತೆಗೆದರೆ ಅರಸನಿಗೆ ಮೈಯೇ ಇಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಆಳುವವನೂ ಮನುಷ್ಯನೇ ಎಂಬುದು ಹಾಬ್ಸ್‌ಗೆ ಚೆನ್ನಾಗಿ ಗೊತ್ತಿತ್ತು. ಆಳುವವನಿಂದ ತೊಂದರೆ ಆಗುತ್ತದೆ ಎಂದು ಅವನೇ ಒಪ್ಪುತ್ತಾನೆ. ಆದರೆ ಅಂತರ್ಯುದ್ಧದ ದುರ್ಗತಿಯ ಮುಂದೆ ಆ ತೊಂದರೆ ಚಿಕ್ಕದು ಎಂಬುದು ಅವನ ತೂಕ. ಇಲ್ಲಿ ಅವನು ತಪ್ಪಿದ ಎಂದು ನನ್ನ ಅನಿಸಿಕೆ. ಆದರೆ ಅವನು ಸರ್ಕಾರಕ್ಕೆ ಪೂರ್ತಿ ಶರಣಾಗು ಎಂದದ್ದೂ ಇಲ್ಲ. 21ನೇ ಅಧ್ಯಾಯದಲ್ಲಿ ಎರಡು ಮಾತಿವೆ. ಮರಣದಂಡನೆ ನ್ಯಾಯವಾಗೇ ಆಗಿದ್ದರೂ ಅದಕ್ಕೆ ಗುರಿಯಾದವನು ತನ್ನ ಜೀವ ಉಳಿಸಿಕೊಳ್ಳಲು ಪ್ರತಿರೋಧ ಮಾಡಬಹುದು. ಇನ್ನೊಂದು, ಪ್ರಜೆಗಳ ವಿಧೇಯತೆ ಇರುವುದು ಆಳುವವನಿಗೆ ಅವರನ್ನು ಕಾಪಾಡುವ ಶಕ್ತಿ ಇರುವವರೆಗೆ ಮಾತ್ರ. ರಾಜನ ಅಧಿಕಾರ ದೇವರು ಕೊಟ್ಟದ್ದು ಎಂದು ನಂಬಿದ್ದವರಿಗೆ ಈ ಮಾತು ಹೇಗೆ ಕೇಳಿಸಿರಬೇಕು ಯೋಚಿಸಿ. ದೇಶ ಬಿಟ್ಟು ಬಂದಿದ್ದ, ಒಂದನೇ ಚಾರ್ಲ್ಸ್‌ನ ಮಗನ ಆಸ್ಥಾನದವರು ಹಾಬ್ಸ್‌ನನ್ನು ಹತ್ತಿರ ಸೇರಿಸಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, 1683ರಲ್ಲಿ, ರಾಜನಿಷ್ಠವಾಗಿದ್ದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೇ ಅವನ ಪುಸ್ತಕಗಳನ್ನು ಸುಟ್ಟಿತು.

ಅದೇ 1683ರಲ್ಲಿ ಇನ್ನೊಬ್ಬ ಇಂಗ್ಲಿಷ್ ಚಿಂತಕ, ವೃತ್ತಿಯಿಂದ ವೈದ್ಯ, ಜೀವ ಉಳಿಸಿಕೊಳ್ಳಲು ಹಾಲೆಂಡಿಗೆ ಓಡಿದ. ಅವನೇ ಜಾನ್ ಲಾಕ್. ಅವನ ಗೆಳೆಯರ ಬಳಗ ರಾಜನ ವಿರುದ್ಧ ಸಂಚು ಮಾಡಿದೆ ಎಂಬ ಆರೋಪ ಇತ್ತು. ಅದೇ ಆರೋಪದ ಮೇಲೆ ಆಲ್ಜರ್ನನ್ ಸಿಡ್ನಿ ಎಂಬವನನ್ನು ಆ ಡಿಸೆಂಬರ್‌ನಲ್ಲಿ ಕೊಂದರು. ರಾಜದ್ರೋಹ ಸಾಬೀತಾಗಲು ಇಬ್ಬರು ಸಾಕ್ಷಿಗಳು ಬೇಕಿತ್ತು, ಸಿಕ್ಕಿದ್ದು ಒಬ್ಬನೇ. ಎರಡನೇ ಸಾಕ್ಷಿಯ ಜಾಗದಲ್ಲಿ ಸಿಡ್ನಿಯ ಮೇಜಿನಲ್ಲಿ ಸಿಕ್ಕಿದ ಕೈಬರಹದ ಹಾಳೆಗಳನ್ನೇ ಇಟ್ಟರು. ಆಗ ಲಾಕ್‌ನ ಹತ್ತಿರವೂ ಅಂಥದ್ದೇ ಹಾಳೆಗಳಿದ್ದವು. ಅವು ‘ಸರ್ಕಾರ ಕುರಿತ ಎರಡು ಪ್ರಬಂಧಗಳು’ ಎಂದು 1689ರ ಕೊನೆಯಲ್ಲಿ ಹೊರಬಂದಾಗಲೂ ಪುಸ್ತಕದ ಮೇಲೆ ಲೇಖಕನ ಹೆಸರಿರಲಿಲ್ಲ. ಇದನ್ನು ಬರೆದವನು ನಾನು ಎಂದು ಅವನು ಒಪ್ಪಿಕೊಂಡದ್ದು ತನ್ನ ಉಯಿಲಿನಲ್ಲಿ. ಲಾಕ್ ಯಾರಿಗೆ ಹೆದರಿದ್ದ ಎಂದು ಬೇರೆ ಹೇಳಬೇಕಿಲ್ಲ.

ಲಾಕ್ ಪ್ರಕಾರ ಮನುಷ್ಯ ವಿವೇಕಿ ಎಂಬುದು ಅರ್ಧ ಸತ್ಯ. ಸರ್ಕಾರ ಇಲ್ಲದಿದ್ದರೂ ಕೊಲ್ಲಬಾರದು, ಕದಿಯಬಾರದು ಎಂಬ ಸಹಜ ನಿಯಮವನ್ನು ಮನುಷ್ಯ ತನ್ನ ಬುದ್ಧಿಯಿಂದಲೇ ಕಾಣಬಲ್ಲ ಎಂದು ಅವನು ಹೇಳಿದ್ದು ನಿಜ. ಆದರೆ ಎರಡನೇ ಪ್ರಬಂಧದ ಒಂಬತ್ತನೇ ಅಧ್ಯಾಯ ತೆಗೆದು ನೋಡಿ. ಹೆಚ್ಚಿನ ಜನ ನ್ಯಾಯ ನೀತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವವರಲ್ಲ ಎಂದು ಅವನೇ ಬರೆದಿದ್ದಾನೆ. ನಿಯಮ ಗೊತ್ತಿರುವುದು ಬೇರೆ, ಪಾಲಿಸುವುದು ಬೇರೆ. ಅದರಲ್ಲೂ ಅವನಿಗೆ ಕಾಡಿದ್ದು ಒಂದು ವಿಷಯ: ತನ್ನ ಜಗಳಕ್ಕೆ ತಾನೇ ನ್ಯಾಯಾಧೀಶನಾಗುವುದು. ನಿಮಗೂ ಪಕ್ಕದ ಜಮೀನಿನವನಿಗೂ ಬೇಲಿಯ ತಕರಾರು ಎಂದುಕೊಳ್ಳಿ. ಇಬ್ಬರೂ ಪ್ರಾಮಾಣಿಕರು. ಆದರೂ ನಿಮ್ಮ ಕಣ್ಣಿಗೆ ಬೇಲಿ ಆ ಕಡೆ ಇರಬೇಕು, ಅವನ ಕಣ್ಣಿಗೆ ಈ ಕಡೆ. ಏಟು ತಿಂದವನೇ ಶಿಕ್ಷೆ ಕೊಡಲು ಕೂತರೆ ಶಿಕ್ಷೆ ಅಳತೆ ಮೀರುತ್ತದೆ. ಆದ್ದರಿಂದ ಎಲ್ಲರಿಗೂ ಗೊತ್ತಿರುವ ಕಾನೂನು ಬೇಕು, ಯಾರ ಕಡೆಯೂ ವಾಲದ ನ್ಯಾಯಾಧೀಶ ಬೇಕು, ತೀರ್ಪನ್ನು ಜಾರಿ ಮಾಡುವ ಬಲ ಬೇಕು. ಲಾಕ್‌ನ ಸರ್ಕಾರ ಹುಟ್ಟುವುದು ಇಷ್ಟಕ್ಕೆ.

ಇದೇ ತರ್ಕವನ್ನು ಅವನು ಅರಸನ ಕಡೆ ತಿರುಗಿಸುತ್ತಾನೆ. ತನ್ನ ಜಗಳಕ್ಕೆ ತಾನೇ ನ್ಯಾಯಾಧೀಶ ಆಗಬಾರದು ಎಂದರೆ, ಲಂಗುಲಗಾಮಿಲ್ಲದ ಅರಸ ಮಾಡುವುದು ಅದನ್ನೇ ಅಲ್ವಾ? ಅವನಿಗೂ ನಮಗೂ ತಕರಾರು ಬಂದರೆ ತೀರ್ಪು ಕೊಡುವವನು ಅವನೇ. ಹಾಬ್ಸ್‌ನ ಹೆಸರು ಎತ್ತದೆ ಅವನ ವಾದಕ್ಕೇ ನಾಟುವಂಥ ಒಂದು ಮಾತು ಲಾಕ್‌ನಲ್ಲಿದೆ. ಕಾಡುಬೆಕ್ಕು, ನರಿಗಳಿಂದ ಆಗುವ ಕಿರುಕುಳ ತಪ್ಪಿಸಿಕೊಳ್ಳಲು ಅಷ್ಟು ಎಚ್ಚರ ವಹಿಸುವ ಜನ, ಸಿಂಹದ ಬಾಯಿಗೆ ಬೀಳುವುದನ್ನೇ ಕ್ಷೇಮ ಅಂದುಕೊಳ್ಳುವಷ್ಟು ದಡ್ಡರೇ? ಆ ಹುಡುಗಿ ಕೇಳಿದ್ದು ಇದನ್ನೇ. ಲಾಕ್‌ಗೆ ಸರ್ಕಾರ ಎಂದರೆ ಜನ ನಂಬಿ ಒಪ್ಪಿಸಿದ ಜವಾಬ್ದಾರಿ. ನಂಬಿಕೆ ಕೆಟ್ಟರೆ ಕೊಟ್ಟವರು ಅದನ್ನು ವಾಪಸ್ ಪಡೆಯಬಹುದು.

ಲಾಕ್‌ನಲ್ಲೂ ದೊಡ್ಡ ಬಿರುಕುಗಳಿವೆ. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು ಎಂದು ಬರೆದವನೇ ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹೂಡಿದ್ದ. ಯಜಮಾನನಿಗೆ ಗುಲಾಮನ ಮೇಲೆ ಪೂರ್ತಿ ಅಧಿಕಾರ ಕೊಟ್ಟ ಕ್ಯಾರೊಲಿನಾ ವಸಾಹತಿನ 1669ರ ಶಾಸನಗಳನ್ನು ರೂಪಿಸುವುದರಲ್ಲೂ ಅವನ ಕೈ ಇತ್ತು. ಅವನನ್ನು ಪಾಠ ಮಾಡುವಾಗ ಇದನ್ನು ಮುಚ್ಚಿಡಬಾರದು ಎಂದು ನಾನು ಬಲವಾಗಿ ನಂಬುತ್ತೇನೆ. ವಾದದಲ್ಲಿ ಇರುವ ಬಿರುಕು ಸಮ್ಮತಿಯದ್ದು. ನಾವು ಯಾವಾಗ ಸರ್ಕಾರಕ್ಕೆ ಒಪ್ಪಿಗೆ ಕೊಟ್ಟೆವು? ದೇಶದ ಹೆದ್ದಾರಿಯಲ್ಲಿ ಓಡಾಡಿದರೂ ಮೌನ ಸಮ್ಮತಿ ಕೊಟ್ಟಂತೆ ಎಂದು ಲಾಕ್ ಅನ್ನುತ್ತಾನೆ. ಸ್ಕಾಟ್ಲೆಂಡಿನ ಚಿಂತಕ ಡೇವಿಡ್ ಹ್ಯೂಮ್ 1748ರಲ್ಲಿ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಹರಿತ. ನಿದ್ದೆಯಲ್ಲಿದ್ದವನನ್ನು ಎತ್ತಿ ಹಡಗಿಗೆ ಹಾಕಿದ್ದಾರೆ. ಎಚ್ಚರವಾದಾಗ ನಡುಗಡಲು. ಅವನು ಹಡಗಿನಲ್ಲೇ ಇದ್ದಾನೆ, ಆದ್ದರಿಂದ ಕ್ಯಾಪ್ಟನ್ನನ ಆಳ್ವಿಕೆಗೆ ಒಪ್ಪಿದ್ದಾನೆ ಅನ್ನಬಹುದೇ? ಇಳಿಯಬೇಕೆಂದರೆ ಅವನು ಸಮುದ್ರಕ್ಕೇ ಹಾರಬೇಕು.

ಇನ್ನು ನಿಮ್ಮ ಮುಖ್ಯ ಗೊಂದಲ, ರೂಸೋ.

ರೂಸೋನನ್ನು ಓದುವವರು ಸಾಮಾನ್ಯವಾಗಿ 1762ರ ‘ಸಾಮಾಜಿಕ ಒಪ್ಪಂದ’ದಿಂದ ಶುರು ಮಾಡುತ್ತಾರೆ. ತೊಡಕು ಬರುವುದು ಅಲ್ಲೇ. ಮೊದಲು ಓದಬೇಕಾದದ್ದು 1755ರಲ್ಲಿ ಬಂದ ಅಸಮಾನತೆಯ ಮೂಲ ಕುರಿತ ಪ್ರಬಂಧ. ಅದರಲ್ಲಿ ಹಾಬ್ಸ್‌ನ ಮೇಲೆ ನೇರ ಆಕ್ಷೇಪ ಇದೆ: ಊರು ಕಟ್ಟಿಕೊಂಡು ಬಾಳಿದ ಮೇಲೆ ಹುಟ್ಟಿದ ಹಂಬಲಗಳನ್ನು ಹಾಬ್ಸ್ ಕಾಡಿನ ಮನುಷ್ಯನೊಳಗೆ ತುಂಬಿಬಿಟ್ಟ. ರೂಸೋನ ಆದಿಮಾನವ ಒಂಟಿ. ಅವನಿಗೆ ತನ್ನ ಜೀವದ ಮೇಲೆ ಪ್ರೀತಿ ಇದೆ, ಇನ್ನೊಂದು ಜೀವ ನರಳಿದರೆ ಕರುಳು ಚುರುಕ್ ಅನ್ನುತ್ತದೆ. ಅಷ್ಟೇ. ಅವನು ಒಳ್ಳೆಯವನು ಅಂದರೆ ನೀತಿವಂತ ಎಂದಲ್ಲ. ಒಳಿತು ಕೆಡುಕಿನ ಗೊಡವೆಯೇ ಅವನಿಗೆ ಇನ್ನೂ ಬಂದಿಲ್ಲ. ‘ರೂಸೋ ಪ್ರಕಾರ ಮನುಷ್ಯ ಒಳ್ಳೆಯವನು’ ಎಂಬ ಸಾಲು ದಾರಿ ತಪ್ಪಿಸುವುದು ಇಲ್ಲಿ.

ಕೆಡುಕು ಹೇಗೆ ಶುರುವಾಯಿತು? ಬೇಲಿ ಹಾಕಿ ‘ಇದು ನನ್ನದು’ ಎಂದ ಮೊದಲ ಮನುಷ್ಯನ ಮಾತು ಎಲ್ಲರಿಗೂ ಗೊತ್ತು. ಆದರೆ ಅದಕ್ಕಿಂತ ಮೊದಲಿನ ಘಟ್ಟದ ಒಂದು ಚಿತ್ರ ಕೆಲವು ಪುಟಗಳಾಚೆ ಬರುತ್ತದೆ, ನನಗೆ ಅದು ಇನ್ನೂ ದೊಡ್ಡದು. ಜನ ಗುಡಿಸಲು ಕಟ್ಟಿಕೊಂಡಿದ್ದಾರೆ. ಸಂಜೆ ಗುಡಿಸಲ ಮುಂದೆಯೋ ದೊಡ್ಡ ಮರದ ಸುತ್ತಲೋ ಸೇರುತ್ತಾರೆ. ಹಾಡುತ್ತಾರೆ, ಕುಣಿಯುತ್ತಾರೆ. ಒಬ್ಬರನ್ನೊಬ್ಬರು ನೋಡುತ್ತಾರೆ. ತನ್ನನ್ನೂ ನೋಡಲಿ ಎಂದು ಪ್ರತಿಯೊಬ್ಬರಿಗೂ ಅನ್ನಿಸುತ್ತದೆ. ಚೆನ್ನಾಗಿ ಹಾಡುವವನಿಗೆ, ಚೆನ್ನಾಗಿ ಕುಣಿಯುವವನಿಗೆ, ಚೆಲುವನಿಗೆ, ಮಾತುಗಾರನಿಗೆ ಬೆಲೆ ಬರುತ್ತದೆ. ಅಸಮಾನತೆಯ ಕಡೆಗೂ ಕೇಡಿನ ಕಡೆಗೂ ಇಟ್ಟ ಮೊದಲ ಹೆಜ್ಜೆ ಇದು ಅನ್ನುತ್ತಾನೆ ರೂಸೋ.

ಇದರಲ್ಲಿ ಯಾರ ತಪ್ಪೂ ಇಲ್ಲ. ಕುಣಿದದ್ದು ಸಂತೋಷಕ್ಕೆ. ಆದರೆ ಅಂದಿನಿಂದ ಮನುಷ್ಯ ತನ್ನ ಬೆಲೆಯನ್ನು ಇನ್ನೊಬ್ಬರ ಕಣ್ಣಿನಲ್ಲಿ ಹುಡುಕಲು ಶುರು ಮಾಡಿದ. ಆಮೇಲೆ ಬೇಲಿ ಬಂತು, ಆಸ್ತಿ ಬಂತು. ಬಡವನಿಗೆ ಹೊಟ್ಟೆಗೆ ಶ್ರೀಮಂತನ ಹಂಗು. ಶ್ರೀಮಂತನಿಗೆ ದುಡಿಮೆಗೆ ಬಡವನ ಹಂಗು. ಕೊನೆಗೆ ಶ್ರೀಮಂತರು, ‘ಎಲ್ಲರ ರಕ್ಷಣೆಗೆ ಕಾನೂನು ಮಾಡೋಣ ಬನ್ನಿ’ ಎಂದು ಕರೆದರು. ಜನ ಒಪ್ಪಿದರು. ಸ್ವಾತಂತ್ರ್ಯ ಸಿಗುತ್ತದೆ ಎಂದು ನಂಬಿ ಸಂಕೋಲೆಯ ಕಡೆಗೇ ಓಡಿದರು. ಹಾಬ್ಸ್ ಮತ್ತು ಲಾಕ್ ಯಾವ ಒಪ್ಪಂದವನ್ನು ಪರಿಹಾರ ಎಂದರೋ, ರೂಸೋಗೆ ಅದು ಉಳ್ಳವರು ಹೂಡಿದ ಆಟದಂತೆ ಕಂಡಿತು.

ಈಗ ‘ಸ್ವತಂತ್ರನಾಗುವಂತೆ ಬಲವಂತ’ ಮಾಡುವ ಮಾತನ್ನು ಮತ್ತೆ ನೋಡಿ. ಅದು ‘ಸಾಮಾಜಿಕ ಒಪ್ಪಂದ’ದ ಮೊದಲ ಭಾಗದ ಏಳನೇ ಅಧ್ಯಾಯದಲ್ಲಿದೆ. ಕಾರಣವನ್ನೂ ರೂಸೋ ಅಲ್ಲೇ ಸೇರಿಸುತ್ತಾನೆ: ಪ್ರತಿ ಪ್ರಜೆಯನ್ನೂ ಇಡೀ ನಾಡಿಗೆ ಒಪ್ಪಿಸುವುದರಿಂದ ಅವನು ಇನ್ನೊಬ್ಬ ವ್ಯಕ್ತಿಯ ಹಂಗಿಗೆ ಬೀಳದಂತೆ ಕಾಪಾಡಿದಂತಾಗುತ್ತದೆ. ತೆರಿಗೆಯ ಉದಾಹರಣೆ ತೆಗೆದುಕೊಳ್ಳಿ. ಎಲ್ಲರೂ ಕಟ್ಟಬೇಕು ಎಂಬ ನಿಯಮವನ್ನು ನಾನೂ ನೀವೂ ಸೇರಿ ಮಾಡಿದ್ದೇವೆ. ನನ್ನ ಸರದಿ ಬಂದಾಗ ತಪ್ಪಿಸಿಕೊಳ್ಳಬೇಕು ಅನ್ನಿಸುತ್ತದೆ. ನನ್ನೊಬ್ಬನನ್ನು ಬಿಟ್ಟರೆ ಏನಾಗುತ್ತದೆ? ನನ್ನ ಪಾಲಿನ ಭಾರ ನಿಮ್ಮ ಹೆಗಲಿಗೆ. ಬಿಟ್ಟ ಅಧಿಕಾರಿಯ ಹಂಗು ನನ್ನ ತಲೆಗೆ. ನಾಳೆ ಅವನು ಕರೆದಾಗ ನಾನು ಕೈಕಟ್ಟಿ ನಿಲ್ಲಬೇಕು. ನಿಯಮ ಎಲ್ಲರ ಮೇಲೂ ಒಂದೇ ಸಮ ಬಿದ್ದರೆ ಯಾರೂ ಯಾರ ಮುಂದೆಯೂ ಕೈಕಟ್ಟಬೇಕಿಲ್ಲ. ರೂಸೋ ‘ಸ್ವತಂತ್ರ’ ಎಂದದ್ದು ಈ ಅರ್ಥದಲ್ಲಿ. ಒಳ್ಳೆಯವನಿಗೆ ಬಲವಂತ ಯಾಕೆ ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಒಪ್ಪಂದಕ್ಕೆ ಬರುವ ಹೊತ್ತಿಗೆ ಆ ಕಾಡಿನ ಮುಗ್ಧ ಉಳಿದಿಲ್ಲ. ಮರದ ಸುತ್ತ ಕುಣಿದು, ಬೇಲಿ ಹಾಕಿ, ಹೊಗಳಿಕೆಯ ರುಚಿ ಕಂಡವನು ಬಂದಿದ್ದಾನೆ.

ಆದರೂ ನನಗೆ ಆ ಸಾಲು ಓದಿದಾಗಲೆಲ್ಲ ಅಳುಕಾಗುತ್ತದೆ. ರೂಸೋ ಬಲವಂತ ಮಾಡಬೇಕು ಎಂದದ್ದು ಎಲ್ಲರ ಒಟ್ಟು ಇಚ್ಛೆಗೆ ಒಪ್ಪದವನನ್ನು. ಆ ಒಟ್ಟು ಇಚ್ಛೆ ಇದೇ ಎಂದು ಹೇಳುವವರು ಯಾರು? ರೂಸೋ ಇದಕ್ಕೆ ಬೇಲಿಗಳನ್ನು ಹಾಕಿದ್ದ. ಕಾನೂನು ಎಲ್ಲರಿಂದ ಬರಬೇಕು, ಎಲ್ಲರಿಗೂ ಅನ್ವಯಿಸಬೇಕು. ಜನರ ಪರವಾಗಿ ಬೇರೆ ಯಾರೋ ಇಚ್ಛೆ ಮಾಡಲಾಗದು. ಇಂಗ್ಲೆಂಡಿನ ಜನ ತಾವು ಸ್ವತಂತ್ರರು ಎಂದುಕೊಂಡಿದ್ದಾರೆ, ಆದರೆ ಅವರು ಸ್ವತಂತ್ರರಾಗಿರುವುದು ಚುನಾವಣೆಯ ಹೊತ್ತಿನಲ್ಲಿ ಮಾತ್ರ ಎಂದು ಬರೆದ. ಆದರೆ ಅವನನ್ನು ಗುರು ಎಂದು ಪೂಜಿಸಿದ, ಫ್ರೆಂಚ್ ಕ್ರಾಂತಿಯ ನಾಯಕ ರೋಬ್ಸ್‌ಪಿಯರ್ ಜನರ ಇಚ್ಛೆಯ ಹೆಸರಿನಲ್ಲೇ ಮಾತಾಡಿದ, 1793 ಮತ್ತು 1794ರಲ್ಲಿ ಜನ ಗಿಲೊಟಿನ್‌ಗೆ ತಲೆ ಕೊಟ್ಟರು. ಆ ಬೇಲಿಗಳನ್ನು ಕಾಯುವ ಸಂಸ್ಥೆಗಳ ಬಗ್ಗೆ ರೂಸೋ ಸಾಕಷ್ಟು ಯೋಚಿಸಲಿಲ್ಲ ಎಂಬುದು ನನ್ನ ದೂರು.

ಆ ಕೆಲಸ ಮಾಡಿದವರಲ್ಲಿ ಜೇಮ್ಸ್ ಮ್ಯಾಡಿಸನ್ ಒಬ್ಬ. 1788ರ ಫೆಬ್ರವರಿಯಲ್ಲಿ ಅಮೆರಿಕದ ಹೊಸ ಸಂವಿಧಾನದ ಪರವಾಗಿ ಬರೆಯುತ್ತಾ ಅವನು, ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಅನ್ನುತ್ತಾನೆ. ಇಲ್ಲಿಯವರೆಗೆ ಹಾಬ್ಸ್‌ನ ದನಿ. ಮುಂದಿನ ಸಾಲಿಗೇ ತಿರುವು: ದೇವತೆಗಳು ಮನುಷ್ಯರನ್ನು ಆಳುವುದಾಗಿದ್ದರೆ ಸರ್ಕಾರದ ಮೇಲೆ ಕಡಿವಾಣ ಬೇಕಿರಲಿಲ್ಲ. ಆದ್ದರಿಂದ ಅಧಿಕಾರವನ್ನು ಹಂಚು, ಒಬ್ಬನ ಮಹತ್ವಾಕಾಂಕ್ಷೆಗೆ ಇನ್ನೊಬ್ಬನ ಮಹತ್ವಾಕಾಂಕ್ಷೆ ಅಡ್ಡ ನಿಲ್ಲಲಿ. ಮನುಷ್ಯನ ಮೇಲೆ ಹಾಬ್ಸ್‌ಗೆ ಇದ್ದಷ್ಟೇ ಸಂಶಯ ಮ್ಯಾಡಿಸನ್‌ಗೂ ಇದೆ. ಹಾಬ್ಸ್ ಅದರಿಂದ ಅಧಿಕಾರವನ್ನು ಒಂದೆಡೆ ಕೂಡಿಸಿದ, ಇವನು ಒಡೆದು ಹಂಚಿದ. ನಿಮ್ಮ ನೋಟ್ಸ್‌ನ ಸೂತ್ರ ಮುರಿದು ಬೀಳುವುದು ಇಲ್ಲಿ. ರೂಸೋನಲ್ಲೂ ಇಂಥದ್ದೇ ಸಾಲಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಜನರೇ ಸೇರಿ ದಿನನಿತ್ಯದ ಆಡಳಿತ ನಡೆಸುವ ವ್ಯವಸ್ಥೆ ದೇವತೆಗಳ ನಾಡಿಗೆ ಸರಿ, ಅಷ್ಟು ಪರಿಪೂರ್ಣವಾದದ್ದು ಮನುಷ್ಯರಿಗೆ ಹೊಂದುವುದಿಲ್ಲ ಎಂದು ‘ಸಾಮಾಜಿಕ ಒಪ್ಪಂದ’ದಲ್ಲೇ ಹೇಳಿದ್ದಾನೆ.

ಯುರೋಪಿನಾಚೆಯೂ ಈ ಸೂತ್ರ ನಿಲ್ಲುವುದಿಲ್ಲ. ಪ್ರಾಚೀನ ಚೀನಾದ ಇಬ್ಬರನ್ನು ನೋಡಿ, ಇಬ್ಬರೂ ಕನ್‌ಫ್ಯೂಷಿಯಸ್‌ನ ದಾರಿಯವರು. ಮೆನ್ಸಿಯಸ್ ಮನುಷ್ಯ ಸ್ವಭಾವ ಒಳ್ಳೆಯದು ಅನ್ನುತ್ತಾನೆ. ಬಾವಿಗೆ ಬೀಳುತ್ತಿರುವ ಮಗುವನ್ನು ಕಂಡರೆ ಯಾರ ಎದೆಯೂ ಝಲ್ಲೆನ್ನುತ್ತದೆ, ಹೆಸರು ಬರಲಿ ಎಂದಲ್ಲ, ಮಗುವಿನ ಅಪ್ಪ ಅಮ್ಮನ ಪರಿಚಯ ಆಗಲಿ ಎಂದೂ ಅಲ್ಲ. ಶುನ್‌ಜಿ ಇದನ್ನು ಒಪ್ಪುವುದಿಲ್ಲ. ಸ್ವಭಾವ ಕೆಟ್ಟದ್ದು, ಒಳ್ಳೆಯತನ ಕಷ್ಟಪಟ್ಟು ರೂಢಿಸಿಕೊಂಡದ್ದು, ಸೊಟ್ಟ ಮರವನ್ನು ಹಬೆಯಲ್ಲಿಟ್ಟು ನೆಟ್ಟಗೆ ಮಾಡಿದ ಹಾಗೆ. ಹೀಗೆ ಎದುರುಬದುರಾಗಿ ಶುರು ಮಾಡಿದ ಇಬ್ಬರೂ ಯಾವ ಸಾಮಾನ್ಯನೂ ಮಹಾಪುರುಷನಾಗಬಲ್ಲ ಎಂಬಲ್ಲಿಗೇ ಬಂದು ಸೇರುತ್ತಾರೆ. ಇಬ್ಬರಿಗೂ ಬೇಕಾದದ್ದು ಗುರು, ಸಂಸ್ಕಾರ, ಕರುಣೆಯ ಅರಸ. ಕಠಿಣ ಕಾನೂನು, ಶಿಕ್ಷೆ, ಬಹುಮಾನದ ರಾಜ್ಯ ಬೇಕು ಎಂದವನು ಶುನ್‌ಜಿಯ ಶಿಷ್ಯ ಎಂದು ಹೇಳಲಾಗುವ ಹಾನ್ ಫೀ. ಗುರು ಶಿಷ್ಯರಿಬ್ಬರೂ ಮನುಷ್ಯನ ಬಗ್ಗೆ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಸರ್ಕಾರದ ಬಗ್ಗೆ ಬೇರೆ ಬೇರೆ ಹೇಳಿದರು.

ಹಾಗಾದರೆ ಸಂಬಂಧ ಇದೆಯಾ? ಇದೆ, ಆದರೆ ಅದು ಹಗ್ಗದಂತೆ ನೇರ ಇಲ್ಲ. ಸ್ವಭಾವದ ಮಾತು ಕೇಳಿದ ತಕ್ಷಣ ನೀವು ಇನ್ನೂ ಒಂದೆರಡು ಪ್ರಶ್ನೆ ಹಾಕಬೇಕು. ಆ ಸ್ವಭಾವ ಬದಲಾಗುತ್ತದೆ ಎಂದು ಇವನು ನಂಬಿದ್ದಾನಾ? ಹಾಬ್ಸ್‌ಗೆ ಅದು ಹೆಚ್ಚುಕಡಿಮೆ ಇದ್ದ ಹಾಗೇ ಇರುವಂಥದ್ದು, ಸರ್ಕಾರ ಅದರ ಸುತ್ತ ಗೋಡೆ ಕಟ್ಟುತ್ತದೆ. ರೂಸೋ ಮತ್ತು ಶುನ್‌ಜಿಗೆ ಬದಲಾಗುವಂಥದ್ದು, ಆದ್ದರಿಂದ ಸರ್ಕಾರಕ್ಕೆ ಶಿಕ್ಷಕನ ಕೆಲಸವೂ ಬರುತ್ತದೆ, ಅದರ ಅಪಾಯವೂ ಬರುತ್ತದೆ. ಆಮೇಲೆ ಆ ಹುಡುಗಿಯ ಪ್ರಶ್ನೆ: ಪ್ರಜೆಗೆ ಹೇಳಿದ ಸ್ವಭಾವ ಆಳುವವನಿಗೂ ಅನ್ವಯಿಸುತ್ತದಾ? ಹಾಬ್ಸ್ ಹೌದು ಎಂದೂ ಸುಮ್ಮನಾದ. ಲಾಕ್, ಮ್ಯಾಡಿಸನ್ ಅಲ್ಲಿಂದಲೇ ಶುರು ಮಾಡಿದರು.

ನಾನು ಯಾರ ಪರ ಎಂದು ಕೇಳಿದ್ದೀರಿ. ಸಿಂಹದ ಪ್ರಶ್ನೆಯಲ್ಲಿ ನಾನು ಲಾಕ್‌ನ ಪರ. ಅಧಿಕಾರ ಹಂಚಿದರೆ ಯುದ್ಧವೇ ಗತಿ ಎಂದು ಹಾಬ್ಸ್ ಹೆದರಿದ್ದ. ಆಮೇಲಿನ ಮುನ್ನೂರು ವರ್ಷಗಳಲ್ಲಿ ಹಂಚಿದ ಅಧಿಕಾರವನ್ನು ಇಟ್ಟುಕೊಂಡೇ ನೆಮ್ಮದಿಯಾಗಿ ಬದುಕಿದ ದೇಶಗಳು ಅನೇಕ. ಆದರೆ ಕಾನೂನು ಕುಸಿದು, ನೆರೆಯವರೇ ನೆರೆಯವರ ಮನೆಗೆ ಬೆಂಕಿ ಇಟ್ಟ ಸುದ್ದಿ ಎಲ್ಲಿಂದ ಬಂದರೂ ನನಗೆ ಮೊದಲು ನೆನಪಾಗುವುದು ಹಾಬ್ಸ್‌ನ ಬೀಗದ ಪೆಟ್ಟಿಗೆ. ಅವನನ್ನು ಕಟುಕ ಎಂದು ಬದಿಗಿಡಲು ಆಗುವುದಿಲ್ಲ. ಇನ್ನು ಕಾನೂನೂ ಇದೆ, ನ್ಯಾಯಾಲಯವೂ ಇದೆ, ಆದರೂ ಹೊಟ್ಟೆಪಾಡಿಗಾಗಿ ಒಬ್ಬನು ಇನ್ನೊಬ್ಬನ ಮುಂದೆ ಬೆನ್ನು ಬಾಗಿಸಬೇಕು ಎಂದರೆ ಅದಕ್ಕೆ ಲಾಕ್‌ನಲ್ಲಿ ಉತ್ತರ ಇಲ್ಲ. ಅಲ್ಲಿ ರೂಸೋನ ಹತ್ತಿರವೇ ಹೋಗಬೇಕು.

ನೋಟ್ಸ್ ಬದಿಗಿಟ್ಟು ಮೂಲ ಓದುವುದಾದರೆ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ‘ಲೆವಯಥನ್’ನಲ್ಲಿ 13, 17 ಮತ್ತು 21ನೇ ಅಧ್ಯಾಯ ಸಾಕು. ಲಾಕ್‌ನ ಎರಡನೇ ಪ್ರಬಂಧದಲ್ಲಿ 9 ಮತ್ತು 19. ರೂಸೋನ ಅಸಮಾನತೆಯ ಪ್ರಬಂಧದ ಎರಡನೇ ಭಾಗವನ್ನು ಒಂದೇ ಕೂರಿಕೆಯಲ್ಲಿ ಓದಿ ಮುಗಿಸಿ. ಅದಾದ ಮೇಲೆ ‘ಸಾಮಾಜಿಕ ಒಪ್ಪಂದ’ ತೆಗೆದು ಆ ಏಳನೇ ಅಧ್ಯಾಯದ ಕೊನೆಗೆ ಬನ್ನಿ. ಬಲವಂತದ ಸಾಲು ಬಂದಾಗ ಅಲ್ಲೇ ನಿಲ್ಲಬೇಡಿ, ಹಂಗಿನ ಮಾತು ಬರುವವರೆಗೂ ಓದಿ. ಅಷ್ಟಾದ ಮೇಲೂ ನಿಮಗೆ ಅವನ ಮೇಲೆ ಸಿಟ್ಟು ಉಳಿದಿದ್ದರೆ, ಯಾಕೆ ಎಂದು ನನಗೆ ಬರೆಯಿರಿ.